ತೊಂಬತ್ತೊಂಬತ್ತರ ಅರ್ಧ ತೊಂಬತ್ತೆರಡು

ಊರು ಬಿಟ್ಟವನು ಬಹಳ ವರ್ಷದ ಮೇಲೆ ವಾಪಸು ಬಂದು, ಕೆರೆ ಬಸ್ ಸ್ಟ್ಯಾಂಡಾಗಿದೆ, ಆಲದ ಮರವಿದ್ದ ಕಡೆ ಮೊಬೈಲ್ ಅಂಗಡಿ ಎದ್ದಿದೆ ಎಂದು ನಿಟ್ಟುಸಿರು ಬಿಡುವ ಕಥೆಗಳಿಗೆ ನಮ್ಮಲ್ಲಿ ಬರವಿಲ್ಲ. ಊರು ಎಳ್ಳಷ್ಟೂ ಬದಲಾಗದೆ, ಬಿಟ್ಟು ಹೋದಾಗ ಹೇಗಿತ್ತೋ ಹಾಗೇ ಇದ್ದುಬಿಟ್ಟರೆ ಬಂದವನ ಗತಿ ಏನು ಎಂಬುದನ್ನು ಮಾತ್ರ ಯಾರೂ ಬರೆದಂತೆ ಕಾಣೆ. ನನಗೆ ಆ ಯೋಗ ಬಂದಿದೆ. ಊರಿನ ಹೆಸರು ಲಂಬ್ರಿಜ್. ಭೂಪಟದಲ್ಲಿ ಹುಡುಕಬೇಡಿ. ಅದು ರೂನ್‌ಸ್ಕೇಪ್ ಎಂಬ ಕಂಪ್ಯೂಟರ್ ಆಟದೊಳಗಿನ ಊರು.

ಲಂಬ್ರಿಜ್‌ನಲ್ಲೊಂದು ಕೋಟೆ, ಕೋಟೆಯ ಅಡುಗೆಮನೆಯಲ್ಲೊಬ್ಬ ಅಡುಗೆಯವನು. ದೊರೆಯ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು, ಮೊಟ್ಟೆಯಿಲ್ಲ, ಹಾಲಿಲ್ಲ, ಹಿಟ್ಟಿಲ್ಲ ಎಂದು ತಲೆ ಮೇಲೆ ಕೈ ಹೊತ್ತು ನಿಂತಿರುತ್ತಾನೆ. ಆಟಕ್ಕೆ ಹೊಸದಾಗಿ ಬಂದವರು ಅವನ್ನು ಹೊಂದಿಸಿ ಕೊಡಬೇಕು. ಹಿಟ್ಟೆಂದರೆ ಅಂಗಡಿಗೆ ಹೋಗಿ ಪ್ಯಾಕೆಟ್ಟು ತರುವುದಲ್ಲ. ಹೊಲದಲ್ಲಿ ಗೋಧಿ ಕಿತ್ತು, ಗಾಳಿಗಿರಣಿಯ ಅಟ್ಟ ಹತ್ತಿ ಸುರಿದು, ಸನ್ನೆ ಎಳೆದು, ಕೆಳಗಿಳಿದು ಗಡಿಗೆಗೆ ತುಂಬಿಕೊಳ್ಳಬೇಕು. ಡಿಗ್ರಿ ಓದುತ್ತಿದ್ದಾಗ ಇಷ್ಟೆಲ್ಲ ಮಾಡಿ ಕೊಟ್ಟಿದ್ದೆ. ಈಗ ಹೋದರೆ ಅದೇ ಮನುಷ್ಯ, ಅದೇ ಗೋಳು. ಈ ಮಧ್ಯೆ ನನಗೆ ಮದುವೆಯಾಗಿ, ಮಗಳು ಹುಟ್ಟಿ, ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ. ಅವನಿಗಿನ್ನೂ ಮೊಟ್ಟೆ ಸಿಕ್ಕಿಲ್ಲ.

ಈ ಆಟದ ಹುಟ್ಟೂ ಒಂದು ರೀತಿಯಲ್ಲಿ ಮನೆ ಅಡುಗೆಯೇ. ಕೇಂಬ್ರಿಜ್‌ನಲ್ಲಿ ಓದಿದ ಆಂಡ್ರ್ಯೂ ಗೋವರ್ ಎಂಬ ಹುಡುಗ, ಸಹೋದರ ಪಾಲ್ ಜೊತೆ ಸೇರಿ, ನಾಟಿಂಗ್‌ಹ್ಯಾಮ್‌ನ ಅಪ್ಪ ಅಮ್ಮನ ಮನೆಯಿಂದಲೇ 2001ರ ಜನವರಿ 4ರಂದು ಇದನ್ನು ಜಗತ್ತಿಗೆ ತೆರೆದಿಟ್ಟ. ಕಂಪನಿ, ಕಚೇರಿ ಎಲ್ಲ ಆಮೇಲೆ. ಸಾವಿರಾರು ಜನ ಒಂದೇ ಊರಿನಲ್ಲಿ ಒಟ್ಟಿಗೆ ಓಡಾಡಬಹುದು, ಕತ್ತಿ ಹಿಡಿದು ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರನ್ನು ಬಡಿಯಬಹುದು. ಅದು ಬೇಡವೆಂದರೆ ಮರ ಕಡಿದು, ಮೀನು ಹಿಡಿದು, ರೊಟ್ಟಿ ಸುಟ್ಟು ಸಂಸಾರಸ್ಥರ ಹಾಗೆ ಇರಬಹುದು. ನಾನು ಎರಡನೇ ಪಂಗಡ.

ನಮ್ಮ ಮೈಸೂರಿನ ಗಲ್ಲಿಗೆ ಇದು ಬಂದು ಮುಟ್ಟಲು ಇದ್ದದ್ದು ಒಂದೇ ಕಾರಣ. ಸಿ.ಡಿ. ಬೇಕಿರಲಿಲ್ಲ, ಕಂಪ್ಯೂಟರಿಗೆ ಏನನ್ನೂ ಇಳಿಸಿಕೊಳ್ಳಬೇಕಿರಲಿಲ್ಲ, ದುಡ್ಡೂ ಕೊಡಬೇಕಿರಲಿಲ್ಲ. ಜಾವಾದ ಕಾಫಿ ಬಟ್ಟಲಿನ ಗುರುತು ಪರದೆ ಮೇಲೆ ಹಬೆಯಾಡಿಸಿ ಹೋದರೆ ಬ್ರೌಸರಿನೊಳಗೇ ಆಟ ಶುರು. ಸೈಬರ್ ಕೆಫೆಯಲ್ಲಿ ಇಂಥದ್ದಕ್ಕಿಂತ ದೊಡ್ಡ ವರ ಬೇರೆ ಏನಿತ್ತು? ಪ್ಲೈವುಡ್ ಗೂಡುಗಳು, ಚಪ್ಪಲಿ ಬಾಗಿಲಾಚೆ, ಹೆಸರು ವಿಳಾಸ ಬರೆಯುವ ದಾರ ಕಟ್ಟಿದ ಪೆನ್ನಿನ ರಿಜಿಸ್ಟರು. ಒಳಗೆ ಕೌಂಟರ್ ಸ್ಟ್ರೈಕ್ ಆಡುವ ಹುಡುಗರು ಹೆಡ್‌ಫೋನು ಹಾಕಿಕೊಂಡು, ಯಾರಿಗೂ ಕೇಳಿಸುತ್ತಿಲ್ಲ ಎಂಬ ಭ್ರಮೆಯಲ್ಲಿ ಪರಸ್ಪರರ ವಂಶೋದ್ಧಾರ ಮಾಡುತ್ತಿದ್ದರೆ, ಮೂಲೆಯಲ್ಲಿ ನಾನು ಓಕ್ ಮರ ಕಡಿಯುತ್ತಿದ್ದೆ. ಕೆಫೆಯ ಅಣ್ಣ ಒಂದು ದಿನ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದ. "ಏನಪ್ಪಾ ಇದು, ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಬಂದು ಸೌದೆ ಒಡೀತೀಯಾ? ನಮ್ಮನೆ ಹಿತ್ಲಲ್ಲಿ ಒಡಿ ಬಾ, ನಾನೇ ದುಡ್ಡು ಕೊಡ್ತೀನಿ" ಅಂದ.

2005ರಲ್ಲಿ ಬಿಎಸ್ಎನ್ಎಲ್‌ನ ಡಾಟಾ ಒನ್ ಬ್ರಾಡ್‌ಬ್ಯಾಂಡ್ ಬಂತು. ಅದರ ಒಂದು ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕವಿಲ್ಲ. ಹಿಂದಿನವರು ಬ್ರಾಹ್ಮೀ ಮುಹೂರ್ತದಲ್ಲಿ ವೇದಾಧ್ಯಯನ ಮಾಡುತ್ತಿದ್ದರು ಎನ್ನುತ್ತಾರೆ. ನನ್ನ ತಲೆಮಾರಿನ ಹುಡುಗರನ್ನು ಆ ಹೊತ್ತಿಗೆ ಅಲಾರಂ ಇಡಿಸಿ ಎಬ್ಬಿಸಿದ ಕೀರ್ತಿ ಬಿಎಸ್ಎನ್ಎಲ್‌ಗೆ ಸಲ್ಲಬೇಕು. ಐದಕ್ಕೆ ಎದ್ದ ಅಮ್ಮ ರೂಮಿನಲ್ಲಿ ಬೆಳಕು ಕಂಡು ಸದ್ದಾಗದ ಹಾಗೆ ಕಾಫಿ ಇಟ್ಟು ಹೋಗುತ್ತಿದ್ದರು. ಪಕ್ಕದ ಮನೆಯವರ ಹತ್ತಿರ, "ನಮ್ಮೋನು ಈಗೀಗ ಬೆಳಗಿನ ಜಾವ ಎದ್ದು ಓದ್ತಾನೆ ಕಣ್ರೀ" ಎಂದದ್ದೂ ನನ್ನ ಕಿವಿಗೆ ಬಿದ್ದಿದೆ. ನಾನು ಆಗ ಕರಮ್‌ಜಾ ದ್ವೀಪದಲ್ಲಿ ಲಾಬ್‌ಸ್ಟರ್ ಹಿಡಿಯುತ್ತಿದ್ದೆ. ದೋಣಿಗೆ ಮೂವತ್ತು ನಾಣ್ಯ.

ಈಗ ಆ ಬದಲಾಗದ ಊರಿನ ಗುಟ್ಟಿಗೆ ಬರೋಣ. ಊರು ತಾನಾಗಿ ಹಾಗೇ ಉಳಿದದ್ದಲ್ಲ, ಅದನ್ನು ಉಳಿಸಿಕೊಂಡದ್ದು. ಆಟದ ಕಂಪನಿ ಜ್ಯಾಗೆಕ್ಸ್ ಎಲ್ಲ ಕಂಪನಿಗಳ ಹಾಗೆ ಸುಧಾರಣೆಯ ಹುಚ್ಚಿಗೆ ಬಿತ್ತು. 2007ರ ಡಿಸೆಂಬರಿನಿಂದ ಮೊದಲುಗೊಂಡು, ಆಟಗಾರರು ಒಬ್ಬರಿಗೊಬ್ಬರು ವಸ್ತು ಕೊಡುವುದಕ್ಕೆ ಮಿತಿ ಹಾಕಿತು. 2012ರ ನವೆಂಬರಿನಲ್ಲಿ ಕಾದಾಟದ ಪದ್ಧತಿಯನ್ನೇ ಬುಡಮೇಲು ಮಾಡಿ, ಒಂದು ಸಲ ಒತ್ತಿ ಸುಮ್ಮನೆ ಕೂರುತ್ತಿದ್ದ ನಮ್ಮಂಥವರ ಮುಂದೆ ಗುಂಡಿಗಳ ಸಾಲನ್ನೇ ಜೋಡಿಸಿತು. ಹಳಬರು ಸಿಟ್ಟಾಗಿ ಎದ್ದು ಹೋದರು. ಆಗ ಕಂಪನಿಯ ಬಳಿ 2007ರ ಆಗಸ್ಟ್ ತಿಂಗಳ ಇಡೀ ಆಟದ ಒಂದು ಬ್ಯಾಕಪ್ ಇದೆಯೆಂದು ಗೊತ್ತಾಯಿತು. ಬೇಕಾ ಎಂದು 2013ರ ಫೆಬ್ರವರಿಯಲ್ಲಿ ಮತಕ್ಕೆ ಹಾಕಿದರು. ಸುಮಾರು ನಾಲ್ಕೂವರೆ ಲಕ್ಷ ಮತ ಬಿದ್ದವು. ಫೆಬ್ರವರಿ 22ಕ್ಕೆ ಹಳೇ ಊರಿನ ಹೆಬ್ಬಾಗಿಲು ತೆರೆಯಿತು, ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಹೆಸರಿನಲ್ಲಿ. ತಮಾಷೆಯೆಂದರೆ ಸುಧಾರಿಸಿದ ಆಟವೂ ಪಕ್ಕದಲ್ಲೇ ನಡೆಯುತ್ತಿದೆ, ಆದರೆ ಜನ ಹೆಚ್ಚಿರುವುದು ಹಳೆಯದರಲ್ಲೇ.

ಊರು ಹಳೆಯದು, ಆಸ್ತಿ ಮಾತ್ರ ಬರಲಿಲ್ಲ. ಬ್ಯಾಕಪ್ಪಿನಿಂದ ಮರ, ಕೋಟೆ, ಹಸು, ಕೋಳಿ ಎಲ್ಲ ತಂದರು. ಆಟಗಾರರ ಗಳಿಕೆಯನ್ನು ತರಲಿಲ್ಲ. ಎಲ್ಲರೂ ಒಂದನೇ ಲೆವೆಲ್ಲಿನಿಂದ, ಕೈಯಲ್ಲಿ ಕಂಚಿನ ಕೊಡಲಿ ಹಿಡಿದು ಶುರು ಮಾಡಬೇಕು. ಎಷ್ಟೋ ಬೆಳಗಿನ ಜಾವಗಳನ್ನು ತೇಯ್ದು ಸಂಪಾದಿಸಿದ ನನ್ನ ರೂನ್ ಕವಚ ಪಕ್ಕದ ಸುಧಾರಿತ ಊರಿನ ಲಾಕರಿನಲ್ಲಿ ಬಿದ್ದಿದೆಯಂತೆ. ಅದನ್ನು ನೋಡಲು ಹೋಗಲಿಲ್ಲ. ಹೋದರೆ ಅಲ್ಲಿನ ಗುಂಡಿಗಳ ಸಾಲು ಕಲಿಯಬೇಕು.

ಇನ್ನು ಲೆವೆಲ್ಲಿನ ಲೆಕ್ಕ. ಮರ ಕಡಿಯುವುದಿರಲಿ, ಮೀನು ಹಿಡಿಯುವುದಿರಲಿ, ಪ್ರತಿ ಕಸುಬಿನಲ್ಲೂ 99 ಲೆವೆಲ್. ಮೇಲೆ ಹೋದಂತೆ ಮೆಟ್ಟಿಲು ಎತ್ತರವಾಗುತ್ತಾ ಹೋಗುತ್ತದೆ. 99 ಮುಟ್ಟಲು ಬೇಕಾದ ಅನುಭವದ ಅಂಕ 1,30,34,431. ಅದರ ಅರ್ಧ ಎಲ್ಲಿ ಬರುತ್ತದೆ? 50ರಲ್ಲಿ ಅಲ್ಲ, 75ರಲ್ಲೂ ಅಲ್ಲ. 92ಕ್ಕೆ 65,17,253 ಅಂಕ. ಅಂದರೆ 92 ಮುಟ್ಟಿದವನು ದಾರಿಯ ನಟ್ಟನಡುವೆ ಇದ್ದಾನೆ. "92 ಎಂದರೆ 99ರ ಅರ್ಧ" ಎಂಬುದು ಈ ಆಟದವರ ನಡುವೆ ಗಾದೆಯೇ ಆಗಿಹೋಗಿದೆ. ಆಗ ಇದನ್ನು ಕೇಳಿ ನಕ್ಕಿದ್ದೆ. ಈಗ ಇಪ್ಪತ್ತು ವರ್ಷದ ಗೃಹಸಾಲದಲ್ಲಿ ಹತ್ತು ವರ್ಷ ಕಂತು ಕಟ್ಟಿ ಮುಗಿಸಿ, ಬ್ಯಾಂಕಿನ ಸ್ಟೇಟ್‌ಮೆಂಟು ತೆಗೆದು, ಅಸಲು ಇನ್ನೂ ಮುಕ್ಕಾಲು ಪಾಲಿನ ಹತ್ತಿರ ಕೂತಿರುವುದನ್ನು ನೋಡಿದವನಿಗೆ ಈ ಗಣಿತದಲ್ಲಿ ವಿಶೇಷವೇನೂ ಕಾಣುವುದಿಲ್ಲ. ಗೋವರ್ ಹುಡುಗ ಅಷ್ಟು ಚಿಕ್ಕ ವಯಸ್ಸಿಗೇ ಇದನ್ನು ಹೇಗೆ ಕಂಡುಕೊಂಡನೋ!

ಹಾಗೆ ನೋಡಿದರೆ ಈ ಆಟ ನಮ್ಮ ಪೀಳಿಗೆಗೆ ಲೋಕಜ್ಞಾನವನ್ನೂ ಅಗ್ಗದಲ್ಲಿ ಕಲಿಸಿತು. ವ್ಯಾರಕ್ ಪೇಟೆಯಲ್ಲಿ ಒಬ್ಬ ಧರ್ಮಾತ್ಮ ನಿಂತಿರುತ್ತಿದ್ದ. ನಿನ್ನ ಕವಚಕ್ಕೆ ಬಂಗಾರದ ಅಂಚು ಕಟ್ಟಿಕೊಡುತ್ತೇನೆ, ಉಚಿತ, ಒಂದು ನಿಮಿಷ ಕೊಡು ಎನ್ನುತ್ತಿದ್ದ. ಇನ್ನೊಬ್ಬ, ಎಷ್ಟು ನಾಣ್ಯ ಕೊಟ್ಟರೂ ದುಪ್ಪಟ್ಟು ಮಾಡಿ ಕೊಡುತ್ತೇನೆ ಎನ್ನುತ್ತಿದ್ದ. ಮೊದಲ ಸಲ ಸಣ್ಣ ಮೊತ್ತಕ್ಕೆ ಕೊಟ್ಟೂ ಬಿಡುತ್ತಿದ್ದ. ಮೂರನೆಯವನದು ಅತಿ ಚತುರ ಉಪಾಯ: ಇಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಆಟವೇ ನಕ್ಷತ್ರ ಚಿಹ್ನೆ ಹಾಕಿ ಮರೆಮಾಡುತ್ತದೆ, ನೋಡಿ ಬೇಕಾದರೆ ಎಂದು ತಾನೇ ಒಂದು ಸಾಲು ನಕ್ಷತ್ರ ಒತ್ತಿ ತೋರಿಸುವುದು. ನನ್ನ ದೊಡ್ಡಪ್ಪನ ಮಗ ಪ್ರಯೋಗಶೀಲ. ಮರೆಯಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸಿಯೇಬಿಟ್ಟ. ಮರುದಿನ ಅವನ ಲಾಕರಿನಲ್ಲಿ ಒಂದು ಈರುಳ್ಳಿ ಉಳಿದಿತ್ತು. ಕಳ್ಳನಿಗೂ ಈರುಳ್ಳಿ ಬೇಡವಾಗಿತ್ತು. ಇವತ್ತು ನಮ್ಮಿಡೀ ಬಳಗದಲ್ಲಿ ಬ್ಯಾಂಕಿನಿಂದ ಎಂದು ಫೋನು ಬಂದರೆ ಓಟಿಪಿ ಹೇಳದೆ ಪ್ರತಿಯಾಗಿ ಅರ್ಧ ಗಂಟೆ ಸತಾಯಿಸಿ ಫೋನಿಡುವವನು ಅವನೊಬ್ಬನೇ.

ದೊಡ್ಡ ಗಲಭೆಗಳೂ ನಡೆದಿವೆ. 2006ರ ಜೂನ್ ತಿಂಗಳಲ್ಲಿ ಒಬ್ಬ ಆಟಗಾರ ಮನೆ ಕಟ್ಟುವ ಕಸುಬಿನಲ್ಲಿ ಎಲ್ಲರಿಗಿಂತ ಮೊದಲು 99 ಮುಟ್ಟಿ, ತಾನು ಕಟ್ಟಿದ ಮನೆಯಲ್ಲೇ ಔತಣ ಇಟ್ಟುಕೊಂಡ. ಜನ ಕಿಕ್ಕಿರಿದರು. ಎಲ್ಲರನ್ನೂ ಹೊರಗೆ ಹಾಕಿದಾಗ ಪ್ರೋಗ್ರಾಮಿನ ಯಾವುದೋ ಕೊಂಡಿ ತಪ್ಪಿ, ಮನೆಯೊಳಗಿನ ಅಖಾಡದಲ್ಲಿದ್ದ ಕೆಲವರಿಗೆ ಬೀದಿಯಲ್ಲೂ ಹೊಡೆಯುವ ಅಧಿಕಾರ ಉಳಿದುಬಿಟ್ಟಿತು. ಉಳಿದವರಿಗೆ ತಿರುಗಿ ಹೊಡೆಯುವ ಅಧಿಕಾರವಿಲ್ಲ. ಹೊಡೆಯಬಲ್ಲವರಲ್ಲೊಬ್ಬ ಫಲಾಡೋರ್ ಪಟ್ಟಣದ ತುಂಬ ಓಡಾಡಿ ಸಿಕ್ಕವರನ್ನೆಲ್ಲ ಕೆಡವಿದ. ಇಂದಿಗೂ ಅದಕ್ಕೆ ಫಲಾಡೋರ್ ಹತ್ಯಾಕಾಂಡ ಎಂದೇ ಹೆಸರು. ಅಂದು ಸತ್ತವರು ಈಗಲೂ ಅದನ್ನು ಸ್ವಾತಂತ್ರ್ಯ ಹೋರಾಟಗಾರರ ಧಾಟಿಯಲ್ಲಿ ಹೇಳಿಕೊಳ್ಳುತ್ತಾರೆ.

ಇದೇ ಊರಿನ ಇನ್ನೊಂದು ಮುಖವೂ ಇದೆ. 2017ರ ಆಸುಪಾಸಿನಲ್ಲಿ ವೆನೆಜುವೆಲಾದಲ್ಲಿ ಹಣದುಬ್ಬರ ಮುಗಿಲು ಮುಟ್ಟಿ, ಬೊಲಿವಾರ್ ನೋಟು ಕಾಗದಕ್ಕಿಂತ ಕಡೆಯಾಯಿತು. ಆಗ ಅಲ್ಲಿನ ಎಷ್ಟೋ ಜನ ಈ ಹಳೇ ಆಟಕ್ಕೆ ಬಂದರು. ಹಳೆಯದಾದ್ದರಿಂದ ಲಡ್ಡು ಕಂಪ್ಯೂಟರಿನಲ್ಲೂ ಓಡುತ್ತದೆ. ದಿನವಿಡೀ ಹಸಿರು ಡ್ರ್ಯಾಗನ್ನುಗಳನ್ನು ಕೊಂದು, ಅವುಗಳ ಮೂಳೆ ಚರ್ಮ ಮಾರಿ, ಬಂದ ಆಟದ ನಾಣ್ಯವನ್ನು ಬೇರೆ ದೇಶದವರಿಗೆ ಕೊಟ್ಟು ನಿಜವಾದ ದುಡ್ಡು ಪಡೆದರು. ನಿಯಮದ ಪ್ರಕಾರ ಅದು ತಪ್ಪು, ಸಿಕ್ಕಿಬಿದ್ದರೆ ಖಾತೆ ರದ್ದು. ಆದರೆ ಇಲ್ಲದ ಡ್ರ್ಯಾಗನ್ನಿನ ಇಲ್ಲದ ಮೂಳೆಯಿಂದ ಬಂದ ನಾಣ್ಯ ಒಂದು ದೇಶದ ಸರ್ಕಾರಿ ನೋಟಿಗಿಂತ ನಂಬಿಕಸ್ಥವಾಗಿತ್ತು. ನಾನು ಹೊತ್ತು ಕಳೆಯಲು ಬಂದ ಊರಿಗೆ ಅವರು ಹೊಟ್ಟೆಪಾಡಿಗೆ ಬಂದಿದ್ದರು. ಅವರನ್ನು ಹುಡುಕಿ ಹುಡುಕಿ ಹೊಡೆಯುವುದನ್ನೇ ಪಂದ್ಯ ಮಾಡಿಕೊಂಡ ಆಟಗಾರರೂ ಇದ್ದರು. ಕೆಲಸವಿಲ್ಲದವನು ಕೆಲಸಕ್ಕೆ ಬಂದವನನ್ನು ಕಾಡುವುದು ಯಾವ ಲೋಕದಲ್ಲೂ ತಪ್ಪಿದ್ದಲ್ಲ.

ಕಾಡುವವರ ಮಾತು ಬಂದದ್ದಕ್ಕೆ ರಿಚರ್ಡ್ ಬಾರ್ಟಲ್ ನೆನಪಾದರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬಾತ ಮಡ್ ಎಂಬ ಆಟ ಬರೆಯಲು ಕೂತ, ಬಾರ್ಟಲ್ ಜೊತೆಗೂಡಿದರು. ಚಿತ್ರವಿಲ್ಲ, ಬರೀ ಅಕ್ಷರ. ಇಂಥ ಆಟಗಳಿಗೆಲ್ಲ ಮೂಲಪುರುಷ ಅದು. ಅದನ್ನು ಆಡುವವರನ್ನು ವರ್ಷಗಟ್ಟಲೆ ನೋಡಿದ ಬಾರ್ಟಲ್, 1996ರಲ್ಲಿ ಆಟಗಾರರನ್ನು ಎಲೆಯಾಟದ ನಾಲ್ಕು ಬಣ್ಣಗಳಾಗಿ ವಿಂಗಡಿಸಿದರು. ಗಳಿಸುವುದೇ ಗುರಿಯಾದವರು ಡೈಮನ್. ಮೂಲೆ ಮೂಲೆ ಅಗೆದು ನೋಡುವವರು ಇಸ್ಪೀಟು, ಅದರ ಇಂಗ್ಲಿಷ್ ಹೆಸರು ಗುದ್ದಲಿಯನ್ನು ನೆನಪಿಸುತ್ತದಾದ್ದರಿಂದ. ಕಂಡವರಿಗೆ ಬಡಿಯುವವರು ಕಳಾವರ್. ಯಾರಾದರೂ ಮಾತಿಗೆ ಸಿಕ್ಕಾರೇ ಎಂದು ಬರುವವರು ಆಟೀನು. ಯಾವುದೇ ಕ್ಲಬ್ಬು, ಯಾವುದೇ ಮದುವೆ ಮನೆ, ಯಾವುದೇ ಸಾಹಿತ್ಯ ಸಮ್ಮೇಳನಕ್ಕೆ ಹೋಗಿ ನೋಡಿ, ಈ ನಾಲ್ಕರಾಚೆ ಐದನೆಯವನು ಸಿಗಲಾರ.

ವಾಪಸು ಹೋದ ಮೇಲೆ ನನಗೆ ಕಂಡ ದೊಡ್ಡ ಬದಲಾವಣೆ ಇಲ್ಲಿದೆ. ಊರು ಅದೇ, ಎಲ್ಲರೂ ಡೈಮನ್ ಆಗಿಬಿಟ್ಟಿದ್ದಾರೆ. 2007ರಲ್ಲಿ ನಮಗೆ ಏನೂ ಗೊತ್ತಿರಲಿಲ್ಲ. ಯಾವ ಕಾಡಿನಲ್ಲಿ ಯಾವ ಮರ, ಯಾವ ಬಾಗಿಲ ಹಿಂದೆ ಯಾವ ಭೂತ ಎಂದು ಯಾರನ್ನಾದರೂ ಕೇಳಬೇಕಿತ್ತು. ಕೇಳಿದವರಲ್ಲಿ ಅರ್ಧ ಜನ ಸುಳ್ಳು ಹೇಳುತ್ತಿದ್ದರು. ಸರಿಯಾದ ದಾರಿ ಹೇಳಿದವನು ಸ್ನೇಹಿತನಾಗುತ್ತಿದ್ದ, ತಪ್ಪು ದಾರಿ ಹೇಳಿದವನು ಜಗಳಕ್ಕೆ ಸಿಗುತ್ತಿದ್ದ, ಹೇಗೂ ಒಬ್ಬ ಪರಿಚಯದವನಾಗುತ್ತಿದ್ದ. ಈಗ ಆಟದ ಪ್ರತಿ ಕಲ್ಲು, ಪ್ರತಿ ಕೋಳಿಯ ಜಾತಕವೂ ವಿಕಿಯಲ್ಲಿದೆ. ಆಟದ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಿಡಿಯುತ್ತದೆ ಎಂದು ಅಳೆದಿದ್ದಾರೆ. ಆ ಮಿಡಿತಕ್ಕೆ ಸರಿಯಾಗಿ ಕ್ಲಿಕ್ ಮಾಡಿದರೆ ಗಂಟೆಗೆ ಎಷ್ಟು ಅಂಕ ಹೆಚ್ಚು ಎಂಬ ಕೋಷ್ಟಕಗಳಿವೆ. ಮರ ಕಡಿಯುವವನ ಮುಖದಲ್ಲಿ ಆಡಿಟರನ ಗಾಂಭೀರ್ಯ.

ಮೊದಲು ಲಾಬ್‌ಸ್ಟರ್ ಮಾರಬೇಕಾದರೆ ಬ್ಯಾಂಕಿನ ಮುಂದೆ ನಿಂತು ಕೂಗಬೇಕಿತ್ತು. ಕೊಳ್ಳುವವನು ಚೌಕಾಸಿ ಮಾಡುತ್ತಿದ್ದ, ಮುನಿಸಿಕೊಂಡು ಹೋಗಿ ಮತ್ತೆ ಬರುತ್ತಿದ್ದ, ಕೊನೆಗೆ ನಿನ್ನೂರು ಯಾವುದು ಎನ್ನುತ್ತಿದ್ದ. ಬ್ಯಾಕಪ್ಪಿನ ಊರಿನಲ್ಲಿ ಶುರುವಿಗೆ ಇದೂ ಹಾಗೇ ಇತ್ತಂತೆ. ಆದರೆ ಇಲ್ಲಿ ಹೊಸದನ್ನು ತರುವ ಮೊದಲು ಸಾಮಾನ್ಯವಾಗಿ ಆಟಗಾರರ ಮತಕ್ಕೆ ಹಾಕುತ್ತಾರೆ. ನೂರಕ್ಕೆ ಎಪ್ಪತ್ತೈದು ಮಂದಿ ಒಪ್ಪಬೇಕಿತ್ತು, ಈಗ ಎಪ್ಪತ್ತಕ್ಕೆ ಇಳಿಸಿದ್ದಾರೆ. ವಿಧಾನಸೌಧದಲ್ಲಿ ಸಾಮಾನ್ಯ ಮಸೂದೆಗೂ ಇಷ್ಟು ಬಹುಮತ ಬೇಕಿಲ್ಲ. ಹಳೆಯದೇ ಬೇಕೆಂದು ಹಟ ಹಿಡಿದು ಬಂದ ಅದೇ ಜನ, 2015ರಲ್ಲಿ ಕೂಗಾಟವಿಲ್ಲದೆ ಕೊಡುಕೊಳ್ಳುವ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ಮಂಡಿಯನ್ನು ಮತ ಹಾಕಿಯೇ ತರಿಸಿಕೊಂಡರು. ಈಗ ಗುಂಡಿ ಒತ್ತಿದರೆ ಲಾಬ್‌ಸ್ಟರ್ ಹೋಗುತ್ತದೆ, ನಾಣ್ಯ ಬರುತ್ತದೆ. ಕೊಂಡವನು ಯಾರೆಂದು ಗೊತ್ತಾಗುವುದಿಲ್ಲ. ಅನುಕೂಲವಾಗಿದೆ, ನಾನೂ ಬಳಸುತ್ತೇನೆ, ಬಳಸಿ ಬೈದುಕೊಳ್ಳುತ್ತೇನೆ.

ಜನ ಮಾತಾಡುತ್ತಿಲ್ಲ ಎಂಬುದು ಆಟ ಮಾಡುವವರ ಗಮನಕ್ಕೂ ಬಂದಿರಬೇಕು. 2023ರಲ್ಲಿ ಫಾರೆಸ್ಟ್ರಿ ಎಂಬ ಸುಧಾರಣೆ ತಂದರು. ಮೊದಲು ಒಂದು ಮರಕ್ಕೆ ನಾಲ್ಕು ಜನ ಮುತ್ತಿಕೊಂಡರೆ ಜಗಳ, ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನಿಗಿಲ್ಲ. ಈಗ ಹಲವರು ಸೇರಿ ಒಂದೇ ಮರ ಕಡಿದರೆ ಎಲ್ಲರಿಗೂ ಅಷ್ಟಿಷ್ಟು ಹೆಚ್ಚು ಲಾಭ. ಹೋಗಿ ನೋಡಿದೆ. ಜನ ನಿಜಕ್ಕೂ ಒಂದೇ ಮರದ ಸುತ್ತ ನಿಂತಿದ್ದರು, ಒಂದೇ ಲಯದಲ್ಲಿ ಕೊಡಲಿ ಬೀಸುತ್ತಿದ್ದರು, ಒಬ್ಬನೂ ತುಟಿ ಪಿಟಕ್ಕೆನ್ನಲಿಲ್ಲ. ಲಾಭದ ಆಸೆ ತೋರಿಸಿ ಜನರನ್ನು ಒಟ್ಟಿಗೆ ನಿಲ್ಲಿಸಬಹುದು. ಮಾತಾಡಿಸುವುದಕ್ಕೆ ಅವರಿಗೆ ಬೇರೆ ಕೆಲಸ ಇರಬಾರದು.

ಇಲ್ಲಿ ನನಗೊಂದು ಹೊಳೆಯಿತು. ಈ ಆಟ ಅಷ್ಟು ನಿಧಾನವಾಗಿದ್ದದ್ದು ದೋಷವಲ್ಲ, ಅದೇ ಅದರ ಜೀವ. ಮರಕ್ಕೆ ಒಂದು ಕ್ಲಿಕ್, ಆಮೇಲೆ ಅರ್ಧ ನಿಮಿಷ ಕೈ ಖಾಲಿ. ಮೂಟೆಯಲ್ಲಿ ಇಪ್ಪತ್ತೆಂಟು ತುಂಡು ಸೌದೆ ತುಂಬುವಷ್ಟರಲ್ಲಿ ಪಕ್ಕದಲ್ಲಿದ್ದವನ ಸಂಸಾರವೆಲ್ಲ ತಿಳಿದಿರುತ್ತಿತ್ತು. ಸೌದೆ ಒಂದು ನೆಪ. ಬ್ಯಾಕಪ್ಪಿನಲ್ಲಿ ಸೌದೆ ಉಳಿಯಿತು, ಕೋಟೆ ಉಳಿಯಿತು. ನಮ್ಮ ಪುರುಸೊತ್ತನ್ನೂ ಅಜ್ಞಾನವನ್ನೂ ಯಾವ ಸರ್ವರಿನಲ್ಲೂ ಇಡಲಿಲ್ಲ. ಅವೆರಡಿಲ್ಲದ ಮೇಲೆ 2007ರ ಊರಿಗೆ ಇವತ್ತಿನ ಜನರನ್ನು ತುಂಬಿದರೆ ಅದು ಇವತ್ತಿನ ಊರೇ.

ಹಾಗೆಂದು ಪೂರಾ ಕೈಬಿಡುವ ಹಾಗೂ ಇಲ್ಲ. 2018ರ ಅಕ್ಟೋಬರಿನಿಂದ ಇದು ಫೋನಿಗೂ ಬಂದಿದೆ. ಹಾಗಾಗಿ ನನ್ನ ವಯಸ್ಸಿನವರು, ಬಸ್ಸಿನಲ್ಲಿ ಕೂತವರು, ಮಗುವಿನ ಟ್ಯೂಷನ್ ಮುಗಿಯುವುದನ್ನು ಕಾಯುತ್ತ ಸ್ಕೂಟರಿಗೆ ಒರಗಿ ನಿಂತವರು, ಒಬ್ಬೊಬ್ಬರಾಗಿ ಮರಳುತ್ತಿದ್ದಾರೆ. ಇವರಿಗೆ ಗಂಟೆಗಿಷ್ಟು ಅಂಕ ಎಂಬ ಲೆಕ್ಕವಿಡಲು ಆಗುವುದಿಲ್ಲ, ಯಾಕೆಂದರೆ ಗಂಟೆಯೇ ಇವರ ಕೈಯಲ್ಲಿಲ್ಲ. ಡ್ರೇನರ್ ಹಳ್ಳಿಯಲ್ಲಿ ಬ್ಯಾಂಕಿನ ಪಕ್ಕ, ನೀರಿನಂಚಿಗೆ ವಿಲೋ ಮರಗಳಿವೆ. ಅಲ್ಲಿ ಇಂಥವರು ಸಿಗುತ್ತಾರೆ. ಒಬ್ಬಾತ ಪೋಲೆಂಡಿನವನು, ಮಂಡಿ ನೋವಿಗೆ ಏನು ಮಾಡುತ್ತೀರಿ ಎಂದು ಕೇಳಿದ. ಇನ್ನೊಬ್ಬಾತ ಮಾತಿನ ಮಧ್ಯೆ ತಟ್ಟನೆ ಮಾಯವಾಗಿ, ಮರುದಿನ ಬಂದು, ಮಗು ಎದ್ದುಬಿಟ್ಟಿತ್ತು ಎಂದ. ಮೊನ್ನೆ ಒಬ್ಬ ನನ್ನ ಹೆಸರು ನೋಡಿ ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ?" ಎಂದು ಹಾಕಿದ. ಕನ್ನಡ ಲಿಪಿ ಆ ಆಟಕ್ಕೆ ಬರುವುದಿಲ್ಲ. ದಾವಣಗೆರೆಯವನಂತೆ, ಈಗ ಇರುವುದು ಡಲ್ಲಾಸಿನಲ್ಲಿ. ನನಗೆ ರಾತ್ರಿ ಊಟದ ಹೊತ್ತು, ಅವನಿಗೆ ಬೆಳಗಿನ ತಿಂಡಿ. ಬೆಣ್ಣೆ ದೋಸೆಗೆ ಯಾವ ಬೆಣ್ಣೆ ಎಂಬಲ್ಲಿಗೆ ಮಾತು ಹೋಗಿ, ಇಬ್ಬರ ಮೂಟೆಯೂ ತುಂಬಿ, ಕೊಡಲಿ ನಿಂತು ಬಹಳ ಹೊತ್ತಾಗಿತ್ತು. ಇಬ್ಬರೂ ಗಮನಿಸಿರಲಿಲ್ಲ.

ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಅಪ್ಪಾ, ಇದರಲ್ಲಿ ಗೆಲ್ಲೋದು ಯಾವಾಗ?" ಎಂದು ಕೇಳಿದಳು. ಗೆಲ್ಲುವುದೆಂಬುದು ಇದರಲ್ಲಿಲ್ಲ ಎಂದೆ. "ಮತ್ತೆ ಮುಗಿಯೋದು?" ಅದೂ ಇಲ್ಲ ಎಂದೆ. "ಮತ್ಯಾಕೆ ಆಡ್ತೀಯಾ?" ಎಂದು ಎದ್ದು ಹೋದಳು. ಒಳಗಿನಿಂದ ಅವಳಮ್ಮ, "ಆ ಪ್ರಶ್ನೆ ಮದುವೆಯಾದಾಗಿನಿಂದ ನಾನೂ ಕೇಳ್ತಿದೀನಿ, ಬಾ ಇಲ್ಲಿ" ಎಂದಳು.

ನನ್ನ ಈಗಿನ ವೇಗದಲ್ಲಿ 92 ಮುಟ್ಟುವ ಹೊತ್ತಿಗೆ ಗೃಹಸಾಲ ತೀರಿರುತ್ತದೆ. 99ಕ್ಕೆ ನಿವೃತ್ತಿಯೂ ಆಗಿರುತ್ತದೆ. ಅವಸರವೇನಿಲ್ಲ. ನೀವೂ ಹಳೇ ಪಾಸ್‌ವರ್ಡ್ ನೆನಪಿಸಿಕೊಂಡು ಆ ಕಡೆ ಬಂದರೆ ಡ್ರೇನರಿನ ವಿಲೋ ಮರದ ಹತ್ತಿರ ವಿಚಾರಿಸಿ. ನಾನು ಉತ್ತರಿಸದಿದ್ದರೆ ಕುಕ್ಕರ್ ಆರಿಸಲು ಎದ್ದು ಹೋಗಿದ್ದೇನೆಂದು ತಿಳಿದು ಸ್ವಲ್ಪ ಕಾಯಿರಿ. ಮಳೆ, ಮಂಡಿ ನೋವು, ದೋಸೆ, ರಾಜಕೀಯ, ಏನು ಬೇಕಾದರೂ ಮಾತಾಡೋಣ. ಯಾವ ಮರ ಕಡಿದರೆ ಲೆವೆಲ್ ಬೇಗ ಏರುತ್ತದೆ ಎಂದು ಮಾತ್ರ ಹೇಳಿಕೊಡಬೇಡಿ.